ಗಂಧಕದ ಹೊಗೆಯಲ್ಲಿ ನನ್ನ ನಿವೃತ್ತಿ

ಇದನ್ನು ನಂಬುವವರು ನಮ್ಮ ಕನ್ನಡ ಕೂಟದಲ್ಲಿ ಒಬ್ಬರೂ ಸಿಗುವುದಿಲ್ಲ, ಬೇಕಾದರೆ ಪಣ ಕಟ್ಟುತ್ತೇನೆ. ಹದಿನಾರನೆಯ ವಯಸ್ಸಿಗೇ ನಿವೃತ್ತಳಾದವಳು ನಾನು. ಹಾರ ಹಾಕಲಿಲ್ಲ, ಶಾಲು ಹೊದಿಸಲಿಲ್ಲ, ಗೋಡೆ ಗಡಿಯಾರ ಕೊಡಲಿಲ್ಲ. ಮೈಸೂರಿನಲ್ಲಿ ನನ್ನ ತಾತ ಕೆಲಸ ಬಿಟ್ಟಾಗ ಅವರ ಗುಣಗಾನ ಮಾಡುತ್ತಾ ಇಬ್ಬರು ಅತ್ತಿದ್ದರಂತೆ, ಒಬ್ಬರು ಭಾಷಣ ಮುಗಿಸುವುದನ್ನೇ ಮರೆತಿದ್ದರಂತೆ. ನನಗೆ ಸಿಕ್ಕಿದ್ದು ಉಗುರಿನ ಸಂದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ಕಂದು ಬಣ್ಣ ಮಾತ್ರ. ಆದರೂ ನಿವೃತ್ತರಿಗೆ ಒಂದು ಹಕ್ಕಿದೆ. ಕಿರಿಯರನ್ನು ಎದುರಿಗೆ ಕೂರಿಸಿಕೊಂಡು "ನಮ್ಮ ಕಾಲದಲ್ಲಿ" ಎಂದು ಕೊರೆಯುವ ಹಕ್ಕು. ಈ ಬೇಸಿಗೆ ರಜೆಯಲ್ಲಿ ನಿಮ್ಮಲ್ಲಿ ಕೆಲವರು ಏಪ್ರಿಕಾಟ್ ಹೆಚ್ಚುವ ಕೆಲಸಕ್ಕೆ ಹೋಗುವ ಯೋಚನೆಯಲ್ಲಿದ್ದೀರಿ ಎಂದು ಕೇಳಿದೆ. ಹಾಗಾದರೆ ಇದನ್ನು ಓದಿ. ಅಲ್ಲಲ್ಲಿ ಸ್ವಲ್ಪ ಉಬ್ಬಿಸಿದ್ದೇನೆ. ಎಲ್ಲಿ ಎಂದು ಹುಡುಕುವುದು ನಿಮ್ಮ ಕೆಲಸ, ನಾನು ನಿವೃತ್ತಳು.

ಮೌಂಟನ್ ವ್ಯೂನಲ್ಲಿ ನಮ್ಮ ಅಪಾರ್ಟ್‌ಮೆಂಟಿನಿಂದ ಸೈಕಲ್ಲಿನಲ್ಲಿ ಹೋದರೆ, ಎರಡು ಕಂಪ್ಯೂಟರ್ ಚಿಪ್ ಕಂಪನಿಗಳ ಪಾರ್ಕಿಂಗ್ ಲಾಟುಗಳ ನಡುವೆ, ಯಾರೋ ಎತ್ತಿಕೊಂಡು ಹೋಗಲು ಮರೆತಂತೆ ಒಂದು ಏಪ್ರಿಕಾಟ್ ತೋಟ. ಬೇಲಿಯ ಆಚೆ ನಮ್ಮಪ್ಪ ತಲೆಯಿಂದ ಕಾಲಿನವರೆಗೆ ಬಿಳಿ ಸೂಟು ಹಾಕಿಕೊಂಡು, ಒಂದು ಧೂಳಿನ ಕಣ ಬಿದ್ದರೂ ಆಕಾಶ ಬಿತ್ತು ಎನ್ನುವಂಥ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರು. ಬೇಲಿಯ ಈಚೆ ಅವರ ಮಗಳು ಮೊಣಕೈವರೆಗೂ ಹಣ್ಣಿನ ಅಂಟು ಮೆತ್ತಿಕೊಂಡು, ನೊಣಗಳಿಗೆಲ್ಲ ಅಚ್ಚುಮೆಚ್ಚಿನವಳಾಗಿ ಕುಳಿತಿರುತ್ತಿದ್ದಳು. ಅಪ್ಪ ತಮ್ಮ ಸ್ನೇಹಿತರಿಗೆ ಸುಧಾ ಅಗ್ರಿಕಲ್ಚರ್ ಟ್ರೇನಿಂಗು ಮಾಡುತ್ತಿದ್ದಾಳೆ ಎಂದು ಹೇಳಿಕೊಂಡು ಬಂದಿದ್ದರು. ಅವರಲ್ಲೊಬ್ಬರು ನನ್ನನ್ನು ಕಂಡಾಗ ತಮ್ಮ ಮನೆಯ ನಿಂಬೆ ಗಿಡಕ್ಕೆ ಯಾವ ಗೊಬ್ಬರ ಹಾಕಲಿ ಎಂದು ಕೇಳಿದರು. ಹೇಳಿದೆ. ಗಿಡ ಈಗ ಇಲ್ಲ.

ಕೆಲಸ ಇಷ್ಟೇ. ಮಾಡು ಮಾತ್ರ ಇರುವ, ಗೋಡೆ ಇಲ್ಲದ ಒಂದು ಶೆಡ್ಡು. ಮಂಚದಷ್ಟು ದೊಡ್ಡ ಮರದ ಟ್ರೇ. ಪಕ್ಕದಲ್ಲಿ ಹಣ್ಣಿನ ಪೆಟ್ಟಿಗೆ. ಹಣ್ಣಿನ ಮೈಮೇಲೆ ಹೊಲಿಗೆಯ ಹಾಗೆ ಒಂದು ಗೆರೆ ಇರುತ್ತದೆ, ಅದರ ಗುಂಟ ಚಾಕು ಸುತ್ತಿಸಿ, ಎರಡು ಹೋಳು ಮಾಡಿ, ಬೀಜ ಡಬ್ಬಕ್ಕೆ ಎಸೆದು, ಹೋಳುಗಳನ್ನು ಬಟ್ಟಲಿನ ಹಾಗೆ ಮೇಲ್ಮುಖವಾಗಿ ಟ್ರೇಯಲ್ಲಿ ಜೋಡಿಸುವುದು. ಮಗುಚಿ ಇಟ್ಟರೆ ರಸವೆಲ್ಲ ಸೋರಿಹೋಗುತ್ತದೆ. ತುಂಬಿದ ಟ್ರೇಗಳನ್ನು ಗಂಧಕದ ಹೊಗೆ ತುಂಬುವ ಕೋಣೆಯೊಳಗೆ ತಳ್ಳಿ ಬಾಗಿಲು ಮುಚ್ಚುತ್ತಾರೆ. ಆಮೇಲೆ ಬಿಸಿಲಿಗೆ. ಹೊಗೆ ಕುಡಿದ ಹಣ್ಣು ಒಣಗಿದರೂ ಚಿನ್ನದ ಬಣ್ಣ ಬಿಡುವುದಿಲ್ಲ.

ನಾನು ಸೇರಿದ ಕಾರಣ ಇದಾವುದೂ ಅಲ್ಲ. ಒಂದು ಟ್ರೇಗೆ ಇಬ್ಬರು, ಎದುರುಬದುರು ಕೂತು ಹೆಚ್ಚಬೇಕು ಎನ್ನುವುದು ಆ ಶೆಡ್ಡಿನ ಪದ್ಧತಿ. ನಿಮಗಿದು ಸಣ್ಣ ವಿಷಯ ಅನ್ನಿಸಬಹುದು. ಹನ್ನೊಂದು ವರ್ಷಕ್ಕೆ ಅಮೆರಿಕಕ್ಕೆ ಬಂದ ನಾನು ಸ್ಕೂಲಿನಲ್ಲಿ ಊಟದ ಹೊತ್ತಿಗೆ ಲೈಬ್ರರಿಯ ದೊಡ್ಡ ಭೂಗೋಳದ ಹಿಂದೆ ಕೂತು ಚಪಾತಿ ತಿನ್ನುತ್ತಿದ್ದೆ. ತಿನ್ನುತ್ತಾ ತಿರುಗಿಸಿ ತಿರುಗಿಸಿ ಇಡೀ ಆಫ್ರಿಕಾ ಕಲಿತುಬಿಟ್ಟೆ. ನಮ್ಮ ಮನೆಯ ಆನ್ಸರಿಂಗ್ ಮಷೀನಿನಲ್ಲಿ ನನ್ನ ಹೆಸರು ಹೇಳಿ ಮೆಸೇಜು ಬಿಟ್ಟವರು ಹಲ್ಲಿನ ಡಾಕ್ಟರ ಆಫೀಸಿನವರು ಮಾತ್ರ. ಅಂಥವಳಿಗೆ, ಇಷ್ಟವಿರಲಿ ಬಿಡಲಿ, ಒಬ್ಬರು ಎದುರಿಗೆ ಕೂರಲೇಬೇಕಾದ ಕೆಲಸ ಎಂದರೆ ಸಾಮಾನ್ಯವೇ?

ಮೊದಲ ದಿನವೇ ನನ್ನ ಹೆಸರು ಇಡೀ ಶೆಡ್ಡಿಗೆ ಗೊತ್ತಾಯಿತು. ತೊಳೆಯದ ಹಣ್ಣಿಗೆ ಚಾಕು ಹಾಕುವುದು ನಮ್ಮ ಮನೆಯಲ್ಲಿ ಉಂಟೇ? ಪೆಟ್ಟಿಗೆಯನ್ನು ಹಿಂದಿನ ನಲ್ಲಿಗೆ ಎಳೆದುಕೊಂಡು ಹೋಗಿ, ಒಂದೊಂದು ಹಣ್ಣಿಗೂ ಅಭ್ಯಂಜನ ಮಾಡಿಸಿದೆ. ಪಕ್ಕದ ಟ್ರೇಯವರ ಪೆಟ್ಟಿಗೆಯನ್ನೂ ಉಪಕಾರಕ್ಕೆಂದು ತೊಳೆದುಕೊಟ್ಟೆ. ಒದ್ದೆ ಹಣ್ಣು ಬೂಸಲು ಹಿಡಿಯುತ್ತದೆ ಎಂದು ನನಗೆ ಯಾರು ಹೇಳಿದ್ದರು? ತೋಟದ ಯಜಮಾನರು ಮಿಸ್ಟರ್ ಮಿಲಾನ್. ಅವರ ತಾತ ಯೂರೋಪಿನಿಂದ ಬಂದು ಆ ಗಿಡಗಳನ್ನು ನೆಟ್ಟವರಂತೆ. ಅವರ ತಲೆಯ ಮೇಲಿನ ಟೋಪಿಯೂ ಆ ತಾತನದೇ ಇರಬೇಕು, ಅಂಚಿನಲ್ಲಿ ಒಂದು ಹಕ್ಕಿ ಸಂಸಾರ ಮಾಡಬಹುದಿತ್ತು. ಅವರು ಮನುಷ್ಯರನ್ನು ಬೈಯುತ್ತಿರಲಿಲ್ಲ, ಹಣ್ಣುಗಳನ್ನು ಬೈಯುತ್ತಿದ್ದರು. ಅವತ್ತೂ ನನ್ನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನಾಚಿಕೆ ಆಗಲ್ವಾ ನಿಮಗೆ, ಕರೆದವರ ಹಿಂದೆಲ್ಲಾ ಸ್ನಾನಕ್ಕೆ ಹೋಗ್ತೀರಾ ಎಂದು ಏಪ್ರಿಕಾಟುಗಳನ್ನು ಕೇಳಿದರು. ಆಮೇಲೆ ನನ್ನ ಕೈಗೊಂದು ಬಟ್ಟೆ ಕೊಟ್ಟರು. ಮಧ್ಯಾಹ್ನದವರೆಗೆ ಒಂದೊಂದನ್ನೂ ಹಸುಗೂಸಿನಂತೆ ಒರೆಸಿದೆ. ಪೌಡರು ಹಚ್ಚುವುದೊಂದು ಬಾಕಿ.

ನಗುವವರೆಲ್ಲ ನಕ್ಕು ಮುಗಿದ ಮೇಲೆ ಒಬ್ಬ ಮುದುಕಿ ತನ್ನ ಸ್ಟೂಲನ್ನು ತಂದು ನನ್ನ ಟ್ರೇಯ ಆಚೆ ಬದಿಗೆ ಹಾಕಿಕೊಂಡು ಕೂತಳು. ಅವಳೇ ಡೋಲೋರೆಸ್. ಅಪ್ಪ ಅಮ್ಮ ಪೋರ್ಚುಗಲ್ಲಿನವರು, ಅವಳು ಹುಟ್ಟಿದ್ದು ಇಲ್ಲೇ. ಹಲ್ಲು ಬರುವ ಮೊದಲೇ ಹಣ್ಣು ಹೆಚ್ಚಿದವಳಂತೆ. ನಾನು ಉಬ್ಬಿಸಿದ್ದಲ್ಲ, ಅವಳೇ ಉಬ್ಬಿಸಿ ಹೇಳಿದ್ದು. ಅವಳ ಇಂಗ್ಲಿಷನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳುತ್ತೇನೆ. ಕೂತ ಕೂಡಲೇ ಅವಳು ಕೇಳಿದ್ದು:

"ನಿಮ್ಮ ಊರಲ್ಲಿ ಬಾಳೆಹಣ್ಣನ್ನೂ ತೊಳೀತೀರಾ?"

"ಸಿಪ್ಪೆ ಸುಲಿಯೋಕೆ ಮುಂಚೆ ಒಂದ್ಸಲ" ಎಂದೆ.

"ಹಾಗಾದ್ರೆ ನಾನು ನಿನ್ನ ಜೊತೇಲೇ ಕೂರ್ತೀನಿ. ಬೇರೆ ಟ್ರೇಲಿ ಇಷ್ಟು ಮಜಾ ಇಲ್ಲ."

ಅವತ್ತಿನಿಂದ ಆ ಸ್ಟೂಲು ಅವಳದು, ಈ ಸ್ಟೂಲು ನನ್ನದು. ಉಳಿದ ಹುಡುಗ ಹುಡುಗಿಯರು ಒಂದೇ ವಾಕ್‌ಮನ್ನಿನ ವೈರನ್ನು ಇಬ್ಬರು ಹಂಚಿಕೊಂಡು ಕೂರುತ್ತಿದ್ದರು. ನಮಗೆ ಅದು ಬೇಕಿರಲಿಲ್ಲ. ಡೋಲೋರೆಸ್ ಬಾಯಿಗೆ ಬ್ಯಾಟರಿ ಮುಗಿಯುತ್ತಿರಲಿಲ್ಲ.

ಅವಳು ಹೇಳಿದ ಕಥೆಗಳಲ್ಲಿ ಒಂದನ್ನು ಇಲ್ಲಿ ಬರೆಯಲೇಬೇಕು. ಅವಳು ನನಗಿಂತ ತುಸು ದೊಡ್ಡವಳಾಗಿದ್ದಾಗ, ದೇಶಕ್ಕೆ ದೇಶವೇ ಕೆಲಸವಿಲ್ಲದೆ ಕೂತಿದ್ದ ಕಾಲದಲ್ಲಿ, ಈ ಕಣಿವೆಯಲ್ಲಿ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಿದ್ದವು. ಈಗ ಕಂಪ್ಯೂಟರ್ ಚಿಪ್, ಆಗ ಡಬ್ಬಿ. ಕೂಲಿ ಕಡಿಮೆ ಮಾಡಿದರು ಎಂದು ಹೆಂಗಸರೆಲ್ಲ ಚಾಕು ಇಟ್ಟು ಹೊರಗೆ ಬಂದರು. ಸ್ಯಾನ್ ಹೋಸೆಯ ನಡುಮಧ್ಯದ ಪಾರ್ಕಿನಲ್ಲಿ ಸೇರಿದಾಗ, ಪೊಲೀಸರು ಬೆಂಕಿ ಆರಿಸುವ ದಪ್ಪ ಪೈಪಿನಿಂದ ಅವರ ಮೇಲೆ ನೀರು ಬಿಟ್ಟರಂತೆ. ಡೋಲೋರೆಸ್ ಆ ದಿನ ಹೊಸ ಶೂ ಹಾಕಿಕೊಂಡು ಹೋಗಿದ್ದಳು, ಅಷ್ಟು ಜನ ಸೇರುವ ಕಡೆ ಹುಡುಗರೂ ಇರುತ್ತಾರಲ್ಲ ಎಂದು.

ನಾನು, ಗೆದ್ದಿರಾ ಎಂದು ಕೇಳಿದೆ.

"ಇಲ್ಲ. ಶೂ ಕುಗ್ಗಿಹೋಯ್ತು."

"ಸೋಲ್ತೀವಿ ಅಂತ ಗೊತ್ತಿದ್ರೂ ಯಾಕೆ ಹೋದ್ರಿ?"

"ಎಲ್ಲಾ ಎದ್ದು ಹೊರಟ್ರು. ಅಷ್ಟು ದೊಡ್ಡ ಕಾರ್ಖಾನೇಲಿ ಒಬ್ಬಳೇ ಕೂತು ಪೀಚು ಹೆಚ್ಚೋದು ನನ್ನ ಕೈಲಾಗ್ತಿರ್ಲಿಲ್ಲ."

ಇನ್ನೊಂದು ಕಥೆ ಓಕ್‌ಲ್ಯಾಂಡಿನದು. ಯುದ್ಧ ಮುಗಿದ ಹೊಸತರಲ್ಲಿ ಅಂಗಡಿಗಳಲ್ಲಿ ಸೀರೆ ಅಲ್ಲ, ಸ್ಕರ್ಟು ಮಾರುವ ಹುಡುಗಿಯರು ಶುರು ಮಾಡಿದ ಮುಷ್ಕರಕ್ಕೆ ಇಡೀ ಊರು ಸೇರಿಕೊಂಡು, ಟ್ರಾಮು ಓಡಿಸುವವರು ಟ್ರಾಮನ್ನು ರಸ್ತೆಯಲ್ಲೇ ಬಿಟ್ಟು ಇಳಿದುಬಿಟ್ಟರಂತೆ. ನಾನು ಸುಮ್ಮನೆ ನಂಬುವವಳಲ್ಲ. ನಮ್ಮ ಸ್ಕೂಲಿನ ಅಮೆರಿಕನ್ ಹಿಸ್ಟರಿ ಪುಸ್ತಕ ತೆಗೆದೆ. ಬಾಗಿಲಿಗೆ ಒತ್ತು ಕೊಡಲು ಇಟ್ಟರೆ ಬಿರುಗಾಳಿಗೂ ಬಾಗಿಲು ಅಲುಗದು, ಅಷ್ಟು ದಪ್ಪ. ಅದರಲ್ಲಿ ಅಧ್ಯಕ್ಷರ ಮನೆಯ ಕುದುರೆಗೆ ಜಾಗವಿತ್ತು. ನಾನು ಸೈಕಲ್ಲಿನಲ್ಲಿ ಹೋಗಬಹುದಾದಷ್ಟು ಹತ್ತಿರದ ಪಾರ್ಕಿನಲ್ಲಿ ನೆನೆದ ಹೆಂಗಸರಿಗೆ ಅರ್ಧ ಸಾಲೂ ಇರಲಿಲ್ಲ.

ಅದೇ ದಿನಗಳಲ್ಲಿ ಮನೆಯಲ್ಲೂ ಅಮೆರಿಕದ ಇತಿಹಾಸದ ಪಾಠ ನಡೆಯುತ್ತಿತ್ತು. ಅಪ್ಪ ಅಮ್ಮನ ಸಿಟಿಜನ್‌ಶಿಪ್ಪಿನ ಇಂಟರ್‌ವ್ಯೂ ಮುಂದಿನ ತಿಂಗಳಿತ್ತು. ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಾ ಮೊದಲ ಹದಿಮೂರು ರಾಜ್ಯಗಳನ್ನು ವಿಷ್ಣು ಸಹಸ್ರನಾಮದ ಧಾಟಿಯಲ್ಲಿ ಹೇಳುತ್ತಿದ್ದಳು, ನಾನು ಪರೀಕ್ಷಕಿ. ಬಾಸ್ಟನ್ನಿನವರು ಹಡಗಿನ ಟೀ ಪುಡಿಯನ್ನೆಲ್ಲ ಸಮುದ್ರಕ್ಕೆ ಸುರಿದರು ಎಂದು ಓದಿ ಹೇಳಿದಾಗ ಸೌಟು ಹಿಡಿದ ಕೈ ನಿಂತುಹೋಯಿತು. "ಅಷ್ಟೂ ಪುಡೀನಾ? ಮನೆಗೊಂದೊಂದು ಪೊಟ್ಟಣ ಹಂಚಿ ಆಮೇಲೆ ಜಗಳ ಆಡೋದಲ್ವೇನೇ?" ಎಂದಳು. ತಮಾಷೆ ಅಷ್ಟಕ್ಕೇ ಮುಗಿಯಿತು. ಯಾವುದಾದರೂ ಸಂಘಕ್ಕೆ ಸೇರಿದ್ದೀರಾ, ಎಂದಾದರೂ ಪೊಲೀಸರ ಕೈಗೆ ಸಿಕ್ಕಿದ್ದೀರಾ ಎಂದೆಲ್ಲ ಅಲ್ಲಿ ಕೇಳುತ್ತಾರೆ ಎಂದು ಯಾರೋ ಹೇಳಿದ ಮೇಲೆ ಅಮ್ಮನಿಗೆ ನಿದ್ದೆಯೇ ಸರಿಯಾಗಿರಲಿಲ್ಲ. ಒಂದು ಕಾರೂ ಇಲ್ಲದ ರಸ್ತೆಯಲ್ಲಿ ಹಸಿರು ದೀಪ ಬರುವವರೆಗೆ ಫುಟ್‌ಪಾತಿನಲ್ಲಿ ನಿಂತಿರುತ್ತಿದ್ದಳು. ಅಪ್ಪನನ್ನು ಬ್ಯಾಡ್ಮಿಂಟನ್ ಕ್ಲಬ್ಬಿನಿಂದಲೂ ಬಿಡಿಸಿದಳು. ಅದೂ ಒಂದು ಸಂಘವೇ ಅಲ್ಲವೇ.

ಇನ್ನು ಕೆಲಸದ ವಿಧಾನದಲ್ಲಿ ಬಂದ ಬದಲಾವಣೆ. ಮೊದಲೆಲ್ಲ ಗಂಧಕ ಹಚ್ಚುತ್ತಿದ್ದದ್ದು ನಾವೆಲ್ಲ ಮನೆಗೆ ಹೋದ ಮೇಲೆ, ಸಂಜೆ. ಆ ಬೇಸಿಗೆ ತೋಟದ ಒಂದು ತುಂಡು ಪಕ್ಕದ ಕಂಪನಿಯ ಪಾಲಾಯಿತು, ಅದರ ಜೊತೆಗೇ ಗಂಧಕದ ಎರಡು ಕೋಣೆಗಳಲ್ಲಿ ಒಂದು ಹೋಯಿತು. ಉಳಿದ ಒಂದೇ ಕೋಣೆಯಲ್ಲಿ ಎಲ್ಲ ಹಣ್ಣೂ ಮುಗಿಯಬೇಕೆಂದು ಮಿಸ್ಟರ್ ಮಿಲಾನ್ ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಹಚ್ಚತೊಡಗಿದರು. ಮಧ್ಯಾಹ್ನದ ಗಾಳಿ ನೇರ ಶೆಡ್ಡಿಗೆ. ಗಂಧಕದ ಹೊಗೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ದೀಪಾವಳಿಯ ಒಂದು ಸರ ಪಟಾಕಿಯನ್ನು ಮೂಗಿನೊಳಗೆ ಇಟ್ಟು ಹಚ್ಚಿ. ನಾವು ಹುಡುಗರು ಕಣ್ಣೊರೆಸಿಕೊಂಡು, ಒಬ್ಬರನ್ನೊಬ್ಬರು ಅಳುಮುಂಜಿ ಎಂದು ಚುಡಾಯಿಸಿಕೊಂಡು ನಿಭಾಯಿಸಿದೆವು. ಡೋಲೋರೆಸ್ ಮಾತ್ರ ಕೆಮ್ಮಲು ಶುರು ಮಾಡಿದರೆ ಚಾಕು ಕೆಳಗಿಟ್ಟು ಎರಡೂ ಕೈಯಲ್ಲಿ ಟ್ರೇಯ ಅಂಚನ್ನು ಹಿಡಿದುಕೊಳ್ಳಬೇಕಾಗುತ್ತಿತ್ತು. ಕಥೆಗಳು ನಿಂತವು. ಒಂದು ಗುರುವಾರ ಅವಳೇ ಹೇಳಿದಳು, ಡಾಕ್ಟರು ಬೇಡ ಎಂದಿದ್ದಾರೆ, ಮಧ್ಯಾಹ್ನದ ಹೊಗೆ ಹೀಗೇ ಇದ್ದರೆ ಸೋಮವಾರದಿಂದ ತಾನು ಬರುವುದಿಲ್ಲ ಎಂದು.

ಆಗ ನನ್ನ ತಲೆಯಲ್ಲಿ ಕಾರ್ಮಿಕರ ಹಕ್ಕುಬಾಧ್ಯತೆಗಳು ಮಿಂಚಿದವು ಎಂದು ಬರೆದರೆ ಅದು ಉಬ್ಬಿಸಿದ್ದು. ನಾನು ಆ ಸ್ಟೂಲನ್ನು ನೋಡಿದೆ. ಉಳಿದವರೆಲ್ಲ ಜೋಡಿಯಾಗಿದ್ದಾರೆ. ಅದು ಖಾಲಿಯಾದರೆ ನನ್ನ ಎದುರು ಕೂರಲು ಯಾರೂ ಉಳಿದಿರಲಿಲ್ಲ. ಅಷ್ಟೇ ಯೋಚಿಸಿದ್ದು.

ಹೊಗೆಯನ್ನು ಸಂಜೆಗೇ ಹಚ್ಚಿಸಬೇಕು, ಹೇಗೆ ಎಂದು ಡೋಲೋರೆಸಳನ್ನೇ ಕೇಳಿದೆ. ಅವಳು ಸುತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದಳು:

"ನಾವು ಅವತ್ತು ಎದ್ದು ಹೊರಗೆ ಹೋದ್ವಿ, ಅದೇ ತಪ್ಪಾಗಿದ್ದು. ಎದ್ದೋಳ ಜಾಗದಲ್ಲಿ ಬೇರೆಯೋಳು ಬಂದು ಕೂತ್ಲು. ನೀವು ಏಳಬೇಡಿ. ಚಾಕೂನ ಹಣ್ಣಿಗೆ ಚುಚ್ಚಿ, ಕೈ ಮಡಿಲಲ್ಲಿ ಇಟ್ಕೊಂಡು ಕೂತಿರಿ. ಜಗಳಕ್ಕೆ ಬಂದೋರ ಹಾಗಲ್ಲ, ಚರ್ಚಿನಲ್ಲಿ ಕೂತೋರ ಹಾಗೆ. ಮಿಕ್ಕಿದ್ದನ್ನ ಬಿಸಿಲು ಮಾಡತ್ತೆ. ಹಣ್ಣು ಯಾರಿಗೋಸ್ಕರಾನೂ ಕಾಯೋದಿಲ್ಲ ಅಂತ ಅವನಿಗೂ ಗೊತ್ತು."

ಮರುದಿನ ಬೆಳಿಗ್ಗೆ ನಾನು ಟ್ರೇಯಿಂದ ಟ್ರೇಗೆ ಹೋದೆ. ಐದು ವರ್ಷದಲ್ಲಿ ಅಷ್ಟು ಜನರ ಜೊತೆ ಮಾತಾಡಿದ್ದು ಅದೇ ಮೊದಲು. ಮೆಕ್ಸಿಕೋದ ಕಡೆಯ ಹೆಂಗಸರಿಗೆ ಏನೂ ವಿವರಿಸಬೇಕಾಗಲಿಲ್ಲ, ಅವರು ತಲೆದೂಗಿ ನನಗೇ ಕುಡಿಯಲು ನೀರು ಕೊಟ್ಟು ಕಳಿಸಿದರು. ಸ್ಕೂಲಿನ ಹುಡುಗಿಯರಿಗೆ ಮಾತ್ರ, ಗಂಧಕದ ಹೊಗೆ ಕುಡಿದರೆ ಕೂದಲು ಒಂದು ಪಕ್ಕದಲ್ಲಿ ಮಾತ್ರ ಉದುರುತ್ತದೆ, ಅದೂ ಎಡಪಕ್ಕ, ಎಂದು ಹೇಳಿದೆ. ಕೂಡಲೇ ಒಪ್ಪಿದರು.

ಮಧ್ಯಾಹ್ನ ಹೊಗೆ ಬಂತು. ಮೊದಲ ಚಾಕು ಡೋಲೋರೆಸಳದು. ಒಂದು ದುಂಡನೆಯ ಹಣ್ಣನ್ನು ಆರಿಸಿ ಮೆಲ್ಲಗೆ ಚುಚ್ಚಿದಳು. ಎರಡನೆಯದು ನನ್ನದು. ಆಮೇಲೆ ಒಂದೊಂದಾಗಿ ಎಲ್ಲ ಟ್ರೇಗಳಲ್ಲೂ. ದಿನವಿಡೀ ಗಲಗಲ ಎನ್ನುತ್ತಿದ್ದ ಶೆಡ್ಡಿನಲ್ಲಿ ಕಡಜಗಳ ಸದ್ದು ಕೇಳತೊಡಗಿತು. ಮಿಸ್ಟರ್ ಮಿಲಾನ್ ಬಂದು ನಿಂತರು. ಎಲ್ಲರ ಪರವಾಗಿ ಮಾತಾಡುವವಳು ನಾನು ಎಂದು ಮೊದಲೇ ಗೊತ್ತುಮಾಡಿದ್ದರು, ಬಾಯಿ ದೊಡ್ಡದಲ್ಲವೇ. ಯಾರೂ ಕೇಳುವ ಮೊದಲೇ ಹಿಂದಿನ ರಾತ್ರಿ ಕನ್ನಡಿಯ ಮುಂದೆ ತಯಾರಿಸಿದ ಭಾಷಣವಿತ್ತು, ಅದರಲ್ಲಿ ಮೂರು ಸಲ ಚಪ್ಪಾಳೆಗೆ ಜಾಗ ಬಿಟ್ಟಿದ್ದೆ. ಮುಂದೆ ಹೋಗಿ ನಿಂತೆ. ಬಾಯಿಂದ ಬಂದದ್ದು, "ಸರ್, ಹೊಗೆ."

ಅವರು ನನ್ನನ್ನು ನೋಡಿದರು, ಹಣ್ಣುಗಳನ್ನು ನೋಡಿದರು. ಅವತ್ತು ಹಣ್ಣುಗಳನ್ನು ಬೈಯಲಿಲ್ಲ. ಇರುವುದೇ ಒಂದು ಕೋಣೆ, ತಾನೇನು ಮಾಡಲಿ ಎಂದರು. ನನಗೆ ಧೈರ್ಯ ಬಂದು ಉಳಿದದ್ದನ್ನೆಲ್ಲ ಹೇಳಿದೆ: ಸಂಜೆ ಹಚ್ಚಿ, ಮಿಕ್ಕ ಹಣ್ಣನ್ನು ನಾಳೆ ನಾವು ಬೇಗ ಬಂದು ಹೆಚ್ಚುತ್ತೇವೆ, ಡೋಲೋರೆಸಳ ಎದೆ ತಡೆಯುವುದಿಲ್ಲ. ಅವರು ಟೋಪಿ ತೆಗೆದರು. ಟೋಪಿ ಇಲ್ಲದ ಅವರ ತಲೆ ಬಹಳ ಸಣ್ಣದಿತ್ತು. ಡೋಲೋರೆಸಳ ಕಡೆ ಒಂದು ಕ್ಷಣ ನೋಡಿ, ಗಂಧಕದ ಕೋಣೆಯ ಕಡೆ ನಡೆದರು. ಚಿಲಕದ ಮೇಲೆ ಕೈ ಇಟ್ಟರು. ಬಾಗಿಲು ತೆಗೆದು ಗಂಧಕದ ಬಾಂಡಲೆಯನ್ನು ಹೊರಕ್ಕೆ ಎಳೆದರೆ ಮುಗಿಯಿತು, ನಾವು ಗೆದ್ದಂತೆ. ಇಡೀ ಶೆಡ್ಡು ಆ ಕೈಯನ್ನೇ ನೋಡುತ್ತಿತ್ತು. ನಾನೂ ಅವರೆಲ್ಲರ ಜೊತೆ ನೋಡುತ್ತಿದ್ದೆ. ಅಷ್ಟು ಜನರ ಕಣ್ಣು ಹೋದ ಕಡೆಗೇ ನನ್ನ ಕಣ್ಣೂ ಹೋಗಿದ್ದು, ಅದೆಂಥ ಸುಖ ಎಂದು ಹೇಳಲು ನನಗೆ ಬರುವುದಿಲ್ಲ.

ಆಗ ಅಮ್ಮ ಬಂದಳು.

ಸೀರೆ, ಕಾಲಿಗೆ ಅಪ್ಪನ ಹಳೆಯ ಕ್ಯಾನ್ವಾಸ್ ಶೂ, ಕೈಯಲ್ಲಿ ಸ್ಟೀಲಿನ ಡಬ್ಬಿ. ನಾನು ಊಟ ಮರೆತು ಬಂದಿದ್ದೆ, ಮೊಸರನ್ನ ತಂದಿದ್ದಳು. ಅವಳು ಶೆಡ್ಡಿಗೆ ಕಾಲಿಟ್ಟದ್ದು ಅದೇ ಮೊದಲ ಸಲ. ಕಂಡದ್ದು ಏನು? ತಲೆ ತಗ್ಗಿಸಿ, ಮಡಿಲಲ್ಲಿ ಕೈ ಇಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು ಕೂತ ಹೆಂಗಸರು. ಮುಟ್ಟುವವರಿಲ್ಲದೆ ಬಾಡುತ್ತಿರುವ ಹಣ್ಣಿನ ರಾಶಿ. ನಮ್ಮ ಕಡೆ ಹೆಂಗಸರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಸಾವಿನ ಸುದ್ದಿ ಬಂದ ಮನೆಯಲ್ಲಿ ಏನಾಯಿತು ಎಂದು ಕೇಳುತ್ತಾ ನಿಲ್ಲುವುದಿಲ್ಲ. ಸದ್ದಿಲ್ಲದೆ ಒಳಗೆ ಹೋಗಿ, ಅರ್ಧಕ್ಕೆ ನಿಂತ ಮನೆಗೆಲಸಕ್ಕೆ ಕೈ ಹಾಕುತ್ತಾರೆ. ಅಮ್ಮ ಡಬ್ಬಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಸ್ಟೂಲಿನ ಮೇಲೆ ಕೂತು, ಹಣ್ಣಿನಿಂದ ನನ್ನ ಚಾಕು ಕಿತ್ತುಕೊಂಡು ಹೆಚ್ಚಲು ಶುರು ಮಾಡಿದಳು. ಗೆರೆಯ ಗುಂಟ. ಬಟ್ಟಲು ಮೇಲಾಗಿ. ಯಾರೂ ಹೇಳಿಕೊಡದೆ.

ನಾನು ಓಡಿ ಬಂದು, ಏನು ಮಾಡುತ್ತಿದ್ದೀಯ ಎಂದೆ.

"ಯಾರಿಗೇನಾಯ್ತೇ?" ಪಿಸುಗುಟ್ಟಿದಳು. "ಪಾಪ, ಆ ಅಜ್ಜಿ ಮುಖ ನೋಡಕ್ಕಾಗಲ್ಲ. ನೀನೂ ಕೂತ್ಕೋ, ಎರಡು ಕೈ ಹಾಕು."

"ಯಾರಿಗೂ ಏನೂ ಆಗಿಲ್ಲ. ಕೆಳಗಿಡು ಅಮ್ಮ. ಸ್ಟ್ರೈಕು."

ಚಾಕು ಅರ್ಧ ಹಣ್ಣಿನಲ್ಲಿ ನಿಂತಿತು.

"ನೀನೂ ಇದೀಯಾ ಇದರಲ್ಲಿ?"

"ಮಾತಾಡ್ತಿರೋದೇ ನಾನು" ಎಂದೆ, ಸ್ವಲ್ಪ ಜಂಬದಿಂದಲೇ.

ಅಮ್ಮ ತಲೆ ಎತ್ತಿ ಮಿಸ್ಟರ್ ಮಿಲಾನರನ್ನು ನೋಡಿದಳು. ಬೇಲಿಯಾಚೆ ಅಪ್ಪನ ಕಂಪನಿಯ ಗೋಡೆ ನೋಡಿದಳು.

"ಇಂಟರ್‌ವ್ಯೂ ಮುಂದಿನ ತಿಂಗಳು, ಸುಧಾ" ಎಂದಳು. ಮತ್ತೆ ಹೆಚ್ಚತೊಡಗಿದಳು. ಈ ಸಲದ್ದು ಸಾವಿನ ಮನೆಯ ಕೆಲಸಕ್ಕೆ ಕೈ ಹಾಕಿದವಳ ಹೆಚ್ಚುವಿಕೆ ಅಲ್ಲ. ಯಾರನ್ನೂ ನೋಡದೆ, ಬೇಗ ಬೇಗ, ಯಾರೋ ಬಾಗಿಲು ತಟ್ಟುವುದರೊಳಗೆ ಮುಗಿಸಿಬಿಡಬೇಕು ಎನ್ನುವ ಹಾಗೆ.

ಮಿಸ್ಟರ್ ಮಿಲಾನರ ಕೈ ಚಿಲಕದಿಂದ ಇಳಿಯಿತು. ಅವರು ಟೋಪಿ ಹಾಕಿಕೊಂಡರು. ಆಚೆ ತುದಿಯ ಟ್ರೇಯಲ್ಲಿ ಒಂದು ಚಾಕು ಹಣ್ಣಿನಿಂದ ಹೊರಬಂತು. ಆಮೇಲೆ ಪಕ್ಕದ ಟ್ರೇಯಲ್ಲಿ. ಬೀಜಗಳು ಡಬ್ಬಕ್ಕೆ ಬೀಳುವ ಸದ್ದು ಒಂದು ಕಡೆಯಿಂದ ಶುರುವಾಗಿ ನಮ್ಮ ಕಡೆಗೆ ಬಂತು.

ಡೋಲೋರೆಸ್ ನನ್ನನ್ನು ಕೇಳಿದಳು, "ಏನಂದ್ಲು ನಿಮ್ಮಮ್ಮ?"

ಯಾವುದನ್ನು ಬೇಕಾದರೂ ಉಬ್ಬಿಸಬಲ್ಲ ನನಗೆ ಒಂದೇ ಮಾತು ಸಿಕ್ಕಿತು. "ಭಯ ಅಂತೆ."

ಅವಳು ಅಮ್ಮನ ಕೈಗಳನ್ನು ಸ್ವಲ್ಪ ಹೊತ್ತು ನೋಡಿದಳು. "ನನಗೂ ಆಗಿತ್ತು ಅಂತ ಹೇಳು" ಎಂದಳು.

ಹೇಳಿದೆ. ಅಮ್ಮ ತಲೆ ಎತ್ತಲಿಲ್ಲ. ಡೋಲೋರೆಸ್ ತನ್ನ ಚಾಕುವನ್ನು ಏಪ್ರನ್ನಿಗೆ ಒರೆಸಿ, ಜೇಬಿಗೆ ಹಾಕಿಕೊಂಡು, ಕೆಮ್ಮುತ್ತಾ ಮರಗಳ ನಡುವಿನ ದಾರಿ ಹಿಡಿದು ಹೋದಳು. ನಾನು ಎರಡು ಸ್ಟೂಲುಗಳ ನಡುವೆ ನಿಂತಿದ್ದೆ. ಒಂದರಲ್ಲಿ ಅಮ್ಮ ಇದ್ದಳು.

ಪೆಟ್ಟಿಗೆಯ ಕೊನೆಯ ಹಣ್ಣಿನವರೆಗೂ ಹೆಚ್ಚಿ, ಅಮ್ಮ ಚಾಕುವನ್ನು ಒರೆಸಿ, ಎದ್ದು ಹೋಗಿ, ಹಿಡಿ ಅವರ ಕಡೆಗೆ ಬರುವಂತೆ ಯಜಮಾನರ ಮುಂದೆ ಚಾಚಿದಳು. ಗ್ರೋಸರಿ ಅಂಗಡಿಯಲ್ಲಿ ಹಾಲು ಎಲ್ಲಿದೆ ಎಂದು ಕೇಳಲೂ ನನ್ನನ್ನು ಮುಂದೆ ತಳ್ಳುತ್ತಿದ್ದವಳು, ಅವತ್ತು ನನ್ನ ಕಡೆ ತಿರುಗದೆ, ಒಂದು ಕಡೆಯೂ ತಡವರಿಸದೆ, ಇಂಗ್ಲಿಷಿನಲ್ಲಿ ತಾನೇ ಹೇಳಿದಳು:

"ಫಿನಿಶ್ಡ್, ಸರ್. ಷೀ ವಿಲ್ ನಾಟ್ ಕಮ್ ಟುಮಾರೋ."